ಎಲ್ಲಿಗೆ ಅಂತ ಕೇಳಬಾರದು

ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಗ್ರಹಣದ ದಿನ ಎಲ್ಲರನ್ನೂ ಶಾಲೆಯ ಅಂಗಳದಲ್ಲಿ ಕೂರಿಸಿ ಕಡ್ಲೆಪುರಿ ತಿನ್ನಿಸಿ, ಮಾರನೆಯ ದಿನ ಅವರ ತಾಯಂದಿರಿಂದ ಸರಿಯಾಗಿ ಬೈಸಿಕೊಂಡವಳು. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಅರ್ಜೆಂಟು ಕೆಲಸವಿರುತ್ತದೆ ಎಂದು ಮುಂದೆ ಹೋಗುವವಳು. ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ, ‘ನೀವೇ ನೋಡಿದ್ರಾ, ಇಲ್ಲ ನಿಮ್ಮ ಭಾವಮೈದುನನ ಸ್ನೇಹಿತ ನೋಡಿದ್ನಾ?’ ಎಂದು ಕೇಳಿ ಬಾಯಿ ಮುಚ್ಚಿಸುವುದು ನನಗೆ ಬಹಳ ವರ್ಷದ ಚಟ. ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದಿನದನ್ನು ಓದಿ, ‘ಪಾಪ, ಈಕೆ ಮೊದಲಿನಿಂದಲೂ ಹೀಗೇ ಇರಬೇಕು’ ಎಂದು ನೀವು ಅಂದುಕೊಳ್ಳಬಾರದು. ಹಾಗಿರಲಿಲ್ಲ. ಈಗ ಹೇಗಿದ್ದೇನೆ ಎಂಬುದು ಮಾತ್ರ ನನಗೇ ಸರಿಯಾಗಿ ಗೊತ್ತಿಲ್ಲ.

ನಮ್ಮದು ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿ. ಹೀಗೆಂದ ತಕ್ಷಣ ಎಲ್ಲರೂ ‘ಓ, ಹಾಸನದ ಹತ್ತಿರವಾ?’ ಎನ್ನುತ್ತಾರೆ. ಅದಲ್ಲ, ಇದು ದೇವನಹಳ್ಳಿ ತಾಲ್ಲೂಕಿನದು. ರಾಗಿ ಹೊಲ, ಹಿಪ್ಪುನೇರಳೆ ತೋಟ, ಅಲ್ಲಲ್ಲಿ ದ್ರಾಕ್ಷಿ ಚಪ್ಪರ, ಎಲ್ಲದರ ಮೇಲೆ ದಿನವಿಡೀ ಹಾರುವ ವಿಮಾನಗಳು. ವಿಮಾನದ ಹೊಟ್ಟೆಯ ಕೆಳಗೇ ಹುಟ್ಟಿ ಬೆಳೆದರೂ ನಮ್ಮ ಮನೆಯಲ್ಲಿ ಯಾರೂ ಅದರೊಳಗೆ ಕೂತವರಿರಲಿಲ್ಲ. ಕೂತವಳು ನಾನೇ ಮೊದಲು. ಅದೂ ಮದುವೆಯಾಗಿ ಅಲ್ಲ, ಸಂಬಳದ ಕೆಲಸಕ್ಕೂ ಅಲ್ಲ, ನೇಪಾಳದ ಒಂದು ಸಣ್ಣ ಪಟ್ಟಣದಲ್ಲಿ ಬಿಟ್ಟಿಯಾಗಿ ಪಾಠ ಹೇಳುವುದಕ್ಕೆ. ಅಪ್ಪ ಇದನ್ನು ನೆಂಟರಿಗೆ ಹೇಗೆ ವಿವರಿಸುವುದೆಂದು ತಿಳಿಯದೆ ‘ಫಾರಿನ್‌ನಲ್ಲಿ ಟೀಚರ್’ ಎಂದು ಹೇಳಿಕೊಂಡು ಬಂದರು.

ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮ್ಮ ಕಡೆಯೂ ಇರಬಹುದು. ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ತಿಳಿದುಕೊಳ್ಳಲೇಬೇಕು ಎನ್ನುವವರು ‘ದೂರ ಹೊರಟಂಗಿದೆ’ ಎಂದು ಸುತ್ತಿಬಳಸಿ ಕೇಳುತ್ತಾರೆ. ತಪ್ಪಿ ಯಾರಾದರೂ ಎಲ್ಲಿಗೆ ಅಂದೇಬಿಟ್ಟರೆ ಅದಕ್ಕೂ ಪರಿಹಾರ ಉಂಟು. ಹೊರಟವರು ಮನೆಗೆ ವಾಪಸ್ಸು ಬರಬೇಕು, ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಹೊಸದಾಗಿ ಹೊರಡಬೇಕು.

ಹೀಗಿರುವ ಊರಿನಲ್ಲಿ ಮುನಿವೆಂಕಟಮ್ಮಜ್ಜಿಯಂಥವಳೊಬ್ಬಳು ಇದ್ದರೆ ಏನಾಗಬೇಕು ನೀವೇ ಯೋಚಿಸಿ. ಅವಳು ನಮಗೆ ದೂರದ ನೆಂಟಳು. ಮಗಳು, ಅಳಿಯ, ಮೊಮ್ಮಕ್ಕಳ ಜೊತೆ ಇದ್ದಾಳೆ. ಅವರ ಮನೆ ಇರುವುದು ಸರಿಯಾಗಿ ಬಸ್‌ಸ್ಟಾಪಿನ ತಿರುವಿನಲ್ಲಿ. ಬೆಳಗಾಗುತ್ತಲೇ ಬಾಯಿಗೆ ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕಿಕೊಂಡು ಜಗಲಿಯ ಮೇಲೆ ಬಂದು ಕೂತರೆ, ಊರು ಬಿಟ್ಟು ಹೊರಡುವ ಯಾರೂ ಅವಳ ಕಣ್ಣು ತಪ್ಪಿಸುವಂತಿಲ್ಲ. ಒಬ್ಬರನ್ನೂ ಬಿಡದೆ ಕೇಳುತ್ತಾಳೆ, ‘ಎಲ್ಲಿಗ್ ಹೊಂಟೆ ಮಗಾ?’ ಆ ‘ಮಗಾ’ ಎನ್ನುವುದನ್ನು ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾಳೆ. ಊರಿನ ಹುಡುಗರು ಅವಳಿಗೆ ‘ಎಲ್ಲಿಗಮ್ಮ’ ಎಂದೇ ಹೆಸರಿಟ್ಟಿದ್ದಾರೆ. ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವವರು, ಹೆಣ್ಣು ನೋಡಲು ಹೋಗುವವರು, ಪರೀಕ್ಷೆಗೆ ಹೊರಟವರು ಎಲ್ಲರೂ ಕೆರೆ ಏರಿಯ ಮೇಲಿಂದ ಸುತ್ತು ಹಾಕಿಕೊಂಡು ಹೋಗುತ್ತಾರೆ. ಅಷ್ಟಾದರೂ ಅವಳು ಕೇಳುವುದನ್ನು ಬಿಟ್ಟಿಲ್ಲ.

ಭೂಸ್ವಾಧೀನದ ವಿರುದ್ಧ ನಮ್ಮ ಹೋಬಳಿಯವರು ಧರಣಿ ಕೂತಿದ್ದ ಕಾಲದಲ್ಲಿ ಒಮ್ಮೆ ಬೆಂಗಳೂರಿಗೆ ಹೋಗಬೇಕಾಗಿತ್ತು. ಟ್ರ್ಯಾಕ್ಟರ್ ತುಂಬ ಜನ, ಹಸಿರು ಶಾಲು, ಘೋಷಣೆ. ಅಪ್ಪನೂ ಅದರಲ್ಲಿದ್ದರು. ತಿರುವಿನಲ್ಲಿ ಟ್ರ್ಯಾಕ್ಟರ್ ನಿಧಾನವಾಯಿತು, ಅಜ್ಜಿ ಜಗಲಿಯ ಮೇಲಿಂದ ಇಡೀ ಟ್ರ್ಯಾಕ್ಟರಿಗೇ ಒಟ್ಟಾಗಿ ಕೇಳಿಬಿಟ್ಟಳು, ‘ಎಲ್ಲಿಗ್ ಹೊಂಟ್ರಪ್ಪಾ ಎಲ್ಲಾ?’ ಘೋಷಣೆ ನಿಂತುಹೋಯಿತು. ಸರ್ಕಾರಕ್ಕೆ ಹೆದರದ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೆಳಗಿಳಿದು, ಅವರವರ ಮನೆಗೆ ಹೋಗಿ, ಕೂತು ನೀರು ಕುಡಿದು ಬಂದರು. ಬೆಂಗಳೂರು ಮುಟ್ಟುವ ಹೊತ್ತಿಗೆ ಬಹಳ ತಡವಾಗಿತ್ತಂತೆ. ಆ ದಿನ ಎಲ್ಲರೂ ಕ್ಷೇಮವಾಗಿ ವಾಪಸ್ಸು ಬಂದರು ಎಂಬುದನ್ನು ಮಾತ್ರ ಯಾರೂ ಅವಳ ಲೆಕ್ಕಕ್ಕೆ ಸೇರಿಸಲಿಲ್ಲ.

ನಾನು ನೇಪಾಳಕ್ಕೆ ಹೊರಟ ದಿನ ಕೆರೆ ಏರಿಯ ಮೇಲೆ ಹೋಗೋಣ ಎಂದು ಅಮ್ಮ ಹೇಳಿದಳು. ನಾನು ಒಪ್ಪಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ನೇರವಾಗಿ ತಿರುವಿನ ದಾರಿಯಲ್ಲೇ ನಡೆದೆ. ಅಜ್ಜಿ ಕೇಳಿದಳು. ನಾನು ನಿಂತು, ಎಲ್ಲರಿಗೂ ಕೇಳಿಸುವಂತೆ, ‘ನೇಪಾಳಕ್ಕೆ ಅಜ್ಜಿ, ಪಾಠ ಹೇಳೋಕೆ’ ಎಂದೆ. ಅಮ್ಮನ ಮುಖ ಬಾಡಿತು. ‘ಬಾರೇ, ಒಂದ್ ಗುಟುಕು ನೀರ್ ಕುಡ್ಕೊಂಡ್ ಹೋಗಿವಂತೆ’ ಎಂದು ಕೈ ಹಿಡಿದು ಎಳೆದಳು. ‘ಲೇಟಾಗತ್ತಮ್ಮ’ ಎಂದು ಬಿಡಿಸಿಕೊಂಡೆ. ಬಸ್ಸಿನಿಂದ ತಿರುಗಿ ನೋಡಿದಾಗ ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಜ್ಜಿ ಏನೂ ಆಗದವಳಂತೆ ನನ್ನ ಕಡೆಗೇ ನೋಡುತ್ತಿದ್ದಳು.

ನಾನು ಹೋದ ಊರು ನೇಪಾಳದ ಬಯಲು ಭಾಗದ್ದು. ನೇಪಾಳವೆಂದರೆ ಹಿಮ, ಬೆಟ್ಟ ಎಂದುಕೊಂಡು ಎರಡು ಸ್ವೆಟರ್ ಹೊತ್ತುಕೊಂಡು ಹೋಗಿದ್ದೆ, ಅಲ್ಲಿ ನೋಡಿದರೆ ನಮ್ಮೂರಿಗಿಂತ ಸೆಖೆ. ಒಂದು ಹೊಳೆ, ಹೊಳೆಯ ಈಚೆಗೆ ಪೇಟೆ, ಪೇಟೆಯ ಈಚೆಗೆ ತಗಡಿನ ಮಾಡಿನ ಶಾಲೆ. ಹೊಳೆದಂಡೆಯಲ್ಲಿ ಕಲ್ಲು ಒಡೆಯುವ ಕೂಲಿಯವರ ಮಕ್ಕಳು ಪೇಟೆಯ ನಡುವಿನ ಕಿರಿದಾದ ಸಂದಿಯನ್ನು ದಾಟಿ ಶಾಲೆಗೆ ಬರುತ್ತಿದ್ದರು. ಅರ್ಧಂಬರ್ಧ ಹಿಂದಿ, ಅವರಿಂದಲೇ ಕಲಿತ ನಾಲ್ಕು ಮಾತು ನೇಪಾಳಿ, ಉಳಿದದ್ದು ಕೈಸನ್ನೆ. ಹೀಗೆ ನನ್ನ ಪಾಠ ನಡೆಯುತ್ತಿತ್ತು. ಅವರ ಭಾಷೆಯಲ್ಲಿ ನೀರನ್ನೂ ‘ತಿನ್ನುತ್ತಾರೆ’. ‘ಪಾನಿ ಖಾನೆ’ ಎಂದು ಮಕ್ಕಳು ಕೇಳಿದಾಗಲೆಲ್ಲ ನನಗೆ ನಗು. ಶಾಲೆಯ ಗೇಟಿನ ಹತ್ತಿರ ಸೈಕಲ್ಲಿನ ಮೇಲೆ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕ ‘ಬಾದಾಮ್, ಬಾದಾಮ್’ ಎಂದು ಕೂಗುತ್ತಿದ್ದ. ಇಷ್ಟು ಬಡ ಊರಿನಲ್ಲಿ ಬಾದಾಮಿ ತಿನ್ನುವವರು ಯಾರಪ್ಪ ಎಂದು ಹೋಗಿ ನೋಡಿದರೆ ಕಡಲೆಕಾಯಿ. ಅಲ್ಲಿ ಅದಕ್ಕೇ ಬಾದಾಮ್ ಎನ್ನುತ್ತಾರೆ. ಅವತ್ತಿನಿಂದ ಆತ ನನ್ನನ್ನು ಕಂಡರೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದ.

ಮೂರನೇ ತರಗತಿಯಲ್ಲಿ ಮಾಯಾ ಎಂಬ ಹುಡುಗಿ ಇದ್ದಳು. ಅವಳ ತಾಯಿ ಕಲ್ಲು ಒಡೆಯಲು ಹೋಗುತ್ತಿದ್ದುದರಿಂದ ತಮ್ಮನನ್ನು ನೋಡಿಕೊಳ್ಳುವ ಕೆಲಸ ಇವಳದು. ಇನ್ನೂ ಮಾತು ಬಾರದ ಆ ಕೂಸನ್ನು ಒಂದು ಹಳೆಯ ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಶಾಲೆಗೆ ಬರುತ್ತಿದ್ದಳು. ನಮ್ಮ ಕಡೆ ಕೂಸನ್ನು ಕಂಕುಳಲ್ಲಿ ಎತ್ತಿಕೊಳ್ಳುತ್ತಾರೆಯೇ ಹೊರತು ಬೆನ್ನಿಗೆ ಕಟ್ಟಿಕೊಳ್ಳುವುದಿಲ್ಲ. ಮೊದಲ ದಿನ ಅದನ್ನು ನೋಡಿ ನನಗೆ ಅಳು ಬಂದಿತ್ತು. ಆಮೇಲೆ ಆ ಕೂಸೂ ನನ್ನ ಹಾಜರಿಯಲ್ಲಿ ಒಬ್ಬನಾಗಿಬಿಟ್ಟ. ಗುಣಾಕಾರ ಹೇಳಿಕೊಡುವಾಗ ಅಕ್ಕನ ಹೆಗಲ ಮೇಲೆ ಗಲ್ಲವಿಟ್ಟುಕೊಂಡು ಬೋರ್ಡನ್ನೇ ನೋಡುತ್ತಿದ್ದ.

ರಾಜಧಾನಿಯಲ್ಲಿ ಗಲಾಟೆ ಶುರುವಾಗಿದೆ ಎಂದು ಮೊದಲು ಹೇಳಿದವರು ನಮ್ಮ ಹೆಡ್‌ಸರ್. ಸರ್ಕಾರದ ಮೇಲೆ ಸಿಟ್ಟಿಗೆದ್ದ ಹುಡುಗರು ಬೀದಿಗಿಳಿದಿದ್ದಾರೆ, ಇಲ್ಲಿಗೇನೂ ಬರುವುದಿಲ್ಲ ಎಂದರು. ನಾನೂ ಧೈರ್ಯವಾಗಿಯೇ ಇದ್ದೆ. ಘೋಷಣೆ, ಮೆರವಣಿಗೆಗಳ ನಡುವೆ ಬೆಳೆದವಳು ನಾನು. ಆದರೆ ದಿನ ಕಳೆದಂತೆ ಅದು ಈ ಊರಿಗೂ ಬಂತು. ಪೇಟೆಯಲ್ಲಿ ಟಯರ್ ಸುಟ್ಟ ವಾಸನೆ, ಅಂಗಡಿಗಳ ಅರ್ಧ ಎಳೆದ ಬಾಗಿಲು. ಮಕ್ಕಳು ಮಾತ್ರ ಬರುತ್ತಲೇ ಇದ್ದರು, ಯಾಕೆಂದರೆ ಶಾಲೆಗೆ ಬಂದರೆ ಊಟ ಸಿಗುತ್ತಿತ್ತು.

ಆ ದಿನ ಮಧ್ಯಾಹ್ನದ ಊಟ ಮುಗಿದ ಸ್ವಲ್ಪ ಹೊತ್ತಿಗೆ ಮೈಕು ಕಟ್ಟಿಕೊಂಡ ಜೀಪೊಂದು ಶಾಲೆಯ ಮುಂದೆ ಕೂಗುತ್ತ ಹೋಯಿತು. ಕರ್ಫ್ಯೂ ಹಾಕುತ್ತಾರೆ, ಎಲ್ಲರೂ ಬೇಗ ಮನೆ ಸೇರಿಕೊಳ್ಳಿ ಎಂದು. ಹೆಡ್‌ಸರ್ ವಿಷಯ ತಿಳಿದು ಬರುತ್ತೇನೆಂದು ಪೇಟೆಯ ಕಡೆ ಹೋದರು. ಹತ್ತಿರದ ಮನೆಗಳವರು ಓಡಿ ಬಂದು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಉಳಿದದ್ದು ಹೊಳೆದಂಡೆಯ ಮಕ್ಕಳು. ಅವರ ಅಪ್ಪ ಅಮ್ಮಂದಿರು ಕೆಲಸದ ಜಾಗದಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರು. ಕರೆದೊಯ್ಯಲು ಯಾರೂ ಬರಲಿಲ್ಲ. ಶಾಲೆಯಲ್ಲಿ ದೊಡ್ಡವಳೆಂದರೆ ನಾನೊಬ್ಬಳೇ. ಕರ್ಫ್ಯೂ ಶುರುವಾಗುವ ಮೊದಲು ಇವರನ್ನು ಸಂದಿ ದಾಟಿಸಿ ಮನೆ ಮುಟ್ಟಿಸದಿದ್ದರೆ ರಾತ್ರಿ ಇವರ ಗತಿ ಏನು, ತಾಯಂದಿರು ಎಷ್ಟು ಒದ್ದಾಡಬಹುದು ಎಂದುಕೊಂಡು ಗೇಟಿಗೂ ವರಾಂಡಕ್ಕೂ ಓಡಾಡಿದೆ. ಕೊನೆಗೆ ನಾನೇ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ.

ಇಬ್ಬಿಬ್ಬರು ಕೈಕೈ ಹಿಡಿದುಕೊಳ್ಳುವಂತೆ ಸಾಲು ಮಾಡಿಸಿದೆ. ಮಾಯಾ ತಮ್ಮನನ್ನು ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಂಡು ಎಲ್ಲರಿಗಿಂತ ಹಿಂದೆ ನಿಂತಳು. ಕೂಸು ನಿದ್ದೆ ಮಾಡಿತ್ತು. ಗೇಟಿನ ಆಚೆ ಕಡಲೆಕಾಯಿಯ ಮುದುಕ ಬುಟ್ಟಿಯನ್ನು ಗೋಣಿಯಿಂದ ಮುಚ್ಚಿ, ಸೈಕಲ್ಲು ತಳ್ಳಿಕೊಂಡು ಪೇಟೆಯ ಕಡೆಗೆ ಹೊರಟಿದ್ದ. ನನ್ನನ್ನು ನೋಡಿ ತಲೆಯಾಡಿಸಿದ, ನಾನೂ ತಲೆಯಾಡಿಸಿದೆ. ಅವನು ಕಣ್ಮರೆಯಾದ ಮೇಲೆ ನಾನು ಮೊದಲ ಮಗುವಿನ ಕೈ ಹಿಡಿದು ಗೇಟಿನ ಹೊರಗೆ ಕಾಲಿಟ್ಟೆ.

‘ಎಲ್ಲಿಗ್ ಹೊಂಟೆ ಮಗಾ?’

ಹಿಂದಿನಿಂದ, ಎಡಗಡೆಯಿಂದ ಬಂತು. ನೀರಿನ ಮಡಕೆ ಇಟ್ಟಿದ್ದ ಸಿಮೆಂಟಿನ ಕಟ್ಟೆಯ ಕಡೆಯಿಂದ. ಬಾಯಲ್ಲಿ ಕಡ್ಡಿಪುಡಿ ಇದ್ದವರು ತುಟಿ ಪೂರ್ತಿ ತೆರೆಯದೆ ಮಾತಾಡುತ್ತಾರಲ್ಲ, ಹಾಗೆ. ‘ಮಗಾ’ ಎಂಬುದರ ಆ ಎಳೆತ ಸಮೇತ. ಗುಟ್ಟಾಗಿ ಅಲ್ಲ, ಪಿಸುಮಾತಾಗಿ ಅಲ್ಲ, ಜಗಲಿಯ ಮೇಲೆ ಕೂತವರು ರಸ್ತೆಯವರನ್ನು ಕೇಳುವಷ್ಟು ಗಟ್ಟಿಯಾಗಿ. ನಾನು ತಿರುಗದೆಯೇ, ಯೋಚನೆಯನ್ನೂ ಮಾಡದೆ, ‘ಇಲ್ಲೇ ಅಜ್ಜಿ, ಮಕ್ಕಳನ್ನ ಬಿಟ್ಟು ಬರ್ತೀನಿ’ ಎಂದೆ.

ಹಾಗೆಂದ ಮೇಲೆ ನನ್ನ ಕನ್ನಡ ನನ್ನ ಕಿವಿಗೇ ಬಿತ್ತು. ನಾನು ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಿ ಎಷ್ಟೋ ದಿನವಾಗಿತ್ತು, ಫೋನಿನಲ್ಲಿ ಬಿಟ್ಟರೆ. ತಿರುಗಿ ನೋಡಿದೆ. ಕಟ್ಟೆಯ ಮೇಲೆ ಮಡಕೆ, ಅದರ ಮೇಲೆ ಕವುಚಿದ ಸ್ಟೀಲ್ ಲೋಟ. ಆಚೆ ಖಾಲಿ ವರಾಂಡ. ‘ಮಿಸ್, ಯಾರ ಜೊತೆ ಮಾತಾಡಿದ್ರಿ?’ ಎಂದು ಮಾಯಾ ತನ್ನ ಭಾಷೆಯಲ್ಲಿ ಕೇಳಿದಳು. ಮಕ್ಕಳಿಗೆ ಕೇಳಿಸಿದ್ದು ನನ್ನ ದನಿ ಮಾತ್ರ.

ನನಗೆ ಹೆದರಿಕೆ ಆಗಲಿಲ್ಲ. ಇದನ್ನು ಬರೆಯುವಾಗ ಆಗುತ್ತಿದೆ, ಆಗ ಆಗಲಿಲ್ಲ. ಆಗ ಆದದ್ದು ಒಂದು ರೀತಿಯ ನಾಚಿಕೆ, ಹೊರಟು ನಿಂತಾಗ ಹಿರಿಯರ ಕೈಗೆ ಸಿಕ್ಕಿಬಿದ್ದ ಹಾಗೆ. ಅಮ್ಮ ನನ್ನ ಕೈ ಹಿಡಿದು ಎಳೆದದ್ದು, ನಾನು ಬಿಡಿಸಿಕೊಂಡದ್ದು ನೆನಪಾಯಿತು. ಅವತ್ತು ಕುಡಿಯದೆ ಬಂದ ನೀರು ಇವತ್ತು ಕುಡಿದೇ ಹೋಗಬೇಕು ಅನ್ನಿಸಿತು. ತಲೆಗೆ ಅನ್ನಿಸಿತೋ ಕಾಲಿಗೆ ಅನ್ನಿಸಿತೋ ಹೇಳಲಾರೆ, ಯಾಕೆಂದರೆ ಕಾಲು ಆಗಲೇ ಒಳಗೆ ಬಂದಿತ್ತು. ಮಕ್ಕಳನ್ನೆಲ್ಲ ವಾಪಸ್ಸು ಕರೆದು ವರಾಂಡದಲ್ಲಿ ಕೂರಿಸಿದೆ. ಎಲ್ಲರೂ ನೀರು ‘ತಿನ್ನಿ’, ಆಮೇಲೆ ಹೋಗೋಣ ಎಂದೆ. ಮಿಸ್‌ಗೆ ಏನೋ ಆಗಿದೆ ಎಂದು ದೊಡ್ಡ ಮಕ್ಕಳು ಮುಖ ಮುಖ ನೋಡಿಕೊಂಡರು.

ಲೋಟ ಇದ್ದದ್ದು ಒಂದೇ. ನಾನು ಮೊದಲು ಕುಡಿದೆ. ಒಬ್ಬೊಬ್ಬರಾಗಿ ಎಲ್ಲರೂ ಕುಡಿದರು. ಮಾಯಾ ಕುಡಿಯುವಾಗ ಕೂಸು ಎಚ್ಚರವಾಗಿ ಲೋಟಕ್ಕೆ ಕೈ ಚಾಚಿತು. ಲೋಟ ಅದಕ್ಕೆ ದೊಡ್ಡದು, ಹೀಗಾಗಿ ನನ್ನ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ಕುಡಿಸಿದೆ. ಬೆನ್ನಿನಿಂದ ಇಳಿಸಲೂ ಇಲ್ಲ, ಅಕ್ಕನ ಹೆಗಲ ಮೇಲಿಂದಲೇ ಕುಡಿಯಿತು. ಅರ್ಧ ಕುಡಿಯುವುದು, ಅರ್ಧ ಚೆಲ್ಲುವುದು, ನಗುವುದು, ಮತ್ತೆ ಬಾಯಿ ತೆರೆಯುವುದು. ಹೊರಗೆ ಹೊತ್ತು ಮೀರುತ್ತಿದೆ ಎಂದು ಗೊತ್ತಿದ್ದರೂ ಅದನ್ನು ಅರ್ಧಕ್ಕೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಇನ್ನೊಂದು ಮುಚ್ಚಳ, ಮತ್ತೊಂದು ಮುಚ್ಚಳ ಎಂದು ಕೊಡುತ್ತಲೇ ಇದ್ದೆ.

ಆಗ ಪೇಟೆಯ ಕಡೆಯಿಂದ ಸದ್ದು ಬಂತು. ತಗಡಿನ ಮಾಡು ಅದುರಿತು. ಮೊದಲು ಒಂದು, ಅದರ ಬೆನ್ನಿಗೇ ಇನ್ನೂ ಕೆಲವು. ಕೂಸಿನ ಕೈಯಲ್ಲಿದ್ದ ಮುಚ್ಚಳ ಬಿದ್ದುಹೋಯಿತು. ನೋಡನೋಡುತ್ತಿದ್ದಂತೆ ಕಪ್ಪು ಹೊಗೆ ಮನೆಗಳ ಮೇಲಕ್ಕೆ ಎದ್ದಿತು.

ಸಂದಿಯಲ್ಲಿದ್ದ ಒಂದು ಹೋಟೆಲಿಗೆ ಬೆಂಕಿ ಹತ್ತಿ, ಒಳಗೆ ಜೋಡಿಸಿಟ್ಟಿದ್ದ ಗ್ಯಾಸ್ ಸಿಲಿಂಡರುಗಳು ಸಿಡಿದಿದ್ದವು. ಯಾರಾದರೂ ಹಚ್ಚಿದರೋ, ಒಲೆ ಆರಿಸದೆ ಓಡಿಹೋದದ್ದರಿಂದ ಹತ್ತಿತೋ ಕೊನೆಗೂ ತಿಳಿಯಲಿಲ್ಲ. ಹೊಳೆದಂಡೆಗೆ ಮಕ್ಕಳನ್ನು ನಡೆಸಿಕೊಂಡು ಹೋಗಬಹುದಾದ ದಾರಿ ಅದೊಂದೇ. ಕೂಸು ಬೇಗ ಬೇಗ ನೀರು ಕುಡಿದಿದ್ದರೆ, ಅಥವಾ ನಾವು ಕೂರದೆಯೇ ಹೋಗಿದ್ದರೆ, ಆ ಹೊತ್ತಿಗೆ ಸಾಲಿನ ತಲೆಯೋ ಬಾಲವೋ ಆ ಸಂದಿಯ ಒಳಗಿರುತ್ತಿತ್ತು. ಸಂದಿಯಲ್ಲಿದ್ದವರಲ್ಲಿ ಕೆಲವರು ಉಳಿಯಲಿಲ್ಲ. ಮೈಯೆಲ್ಲ ಮಸಿ ಮಾಡಿಕೊಂಡು ಓಡಿ ಬಂದ ಹೆಡ್‌ಸರ್ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡಿ, ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಕಡಲೆಕಾಯಿಯ ಮುದುಕನೂ ಉಳಿಯಲಿಲ್ಲ ಎಂಬ ಸುದ್ದಿಯನ್ನು ಹೇಳಿದವರೂ ಅವರೇ.

ಆ ರಾತ್ರಿ ಎಲ್ಲರೂ ಶಾಲೆಯಲ್ಲೇ ಇದ್ದೆವು. ಬೆಳಿಗ್ಗೆ ತಾಯಂದಿರು ಹೊಳೆಯ ಬದಿಯಿಂದ ಸುತ್ತಿ ಬಳಸಿ ಬಂದು ಮಕ್ಕಳನ್ನು ಅಪ್ಪಿಕೊಂಡಾಗ ನಾನು ವರಾಂಡದ ಕಂಬ ಹಿಡಿದು ನಿಂತಿದ್ದೆ. ಮಾಯಾಳ ತಾಯಿ ನನ್ನ ಎರಡೂ ಕೈಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ನಾನು ಮಾಡಿದ್ದೇನೂ ಇಲ್ಲ ಎಂದು ಹೇಳಲು ನೇಪಾಳಿ ಸಾಲಲಿಲ್ಲ. ಕನ್ನಡದಲ್ಲಾಗಿದ್ದರೂ ಸಾಲುತ್ತಿತ್ತೋ ಇಲ್ಲವೋ.

ಫೋನು ಸಿಗುವುದಕ್ಕೆ ಕೆಲವು ದಿನ ಹಿಡಿಯಿತು. ಅಮ್ಮ ಆ ಕಡೆ ಅಳುತ್ತಿದ್ದಳು, ನಾನು ಈ ಕಡೆ ‘ಶಾಲೇಲೇ ಇದ್ವಿ ಕಣಮ್ಮ, ಎಲ್ರೂ ಚೆನ್ನಾಗಿದೀವಿ’ ಎಂದು ಹೇಳುತ್ತಿದ್ದೆ. ದನಿಯ ವಿಷಯ ಎತ್ತಲಿಲ್ಲ. ಎತ್ತಿದರೆ ಅಮ್ಮ ಮರುದಿನವೇ ಯಾರನ್ನಾದರೂ ಕಳಿಸಿ ನನ್ನನ್ನು ವಾಪಸ್ಸು ಕರೆಸಿಕೊಳ್ಳುತ್ತಿದ್ದಳು. ದಾರಿಗಳು ತೆರೆದ ಮೇಲೆ, ಮುಂದಿನ ಟೀಚರ್ ಬರುವವರೆಗೆ ಇದ್ದು, ಗಡಿ ದಾಟಿ ರೈಲು ಹಿಡಿದು ಊರಿಗೆ ಬಂದೆ.

ಬಸ್ಸು ತಿರುವಿನಲ್ಲಿ ಇಳಿಸಿತು. ಅಜ್ಜಿ ಜಗಲಿಯ ಮೇಲೇ ಇದ್ದಳು. ನನಗೆ ದನಿ ಕೇಳಿಸಿದ ಆ ಮಧ್ಯಾಹ್ನ ಅವಳಿಗೆ ಏನೋ ಆಗಿರಬೇಕು, ಹೋಗಿಬಿಟ್ಟಿರಬೇಕು ಎಂದು ನಾನು ಒಳಗೊಳಗೇ ಹೆದರಿಕೊಂಡಿದ್ದೆ. ಇಂಥ ಕಥೆಗಳಲ್ಲಿ ಹಾಗೇ ಆಗುತ್ತದಲ್ಲ. ಏನೂ ಆಗಿರಲಿಲ್ಲ. ಗುಂಡುಕಲ್ಲಿನಂತೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ‘ಬಂದ್ಯಾ?’ ಎಂದಳು. ‘ಬಂದೆ ಅಜ್ಜಿ’ ಎಂದೆ.

ಮನೆಗೆ ಹೋಗಿ ಊಟ ಮಾಡಿ, ಅಮ್ಮ ಸ್ವಲ್ಪ ಅಡ್ಡಾದ ಮೇಲೆ ಅಜ್ಜಿಯ ಜಗಲಿಗೆ ವಾಪಸ್ಸು ಬಂದೆ. ಪಕ್ಕದಲ್ಲಿ ಕೂತು ನಾನೂ ಒಂದಷ್ಟು ಹುಣಸೆಹಣ್ಣು ಎಳೆದುಕೊಂಡೆ. ಇಷ್ಟು ವರ್ಷ ಊರಿನವರು ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ. ‘ಅಜ್ಜಿ, ನೀನ್ ಯಾಕೆ ಎಲ್ರನ್ನೂ ಎಲ್ಲಿಗೆ ಅಂತ ಕೇಳ್ತೀಯ? ಜನ ಬೈಕೊಳ್ತಾರೆ, ಗೊತ್ತಿಲ್ವಾ?’

‘ಗೊತ್ತಿಲ್ದೆ ಏನು’ ಎಂದಳು. ಕೈ ಬೀಜ ಬಿಡಿಸುತ್ತಲೇ ಇತ್ತು. ‘ಆವಾಗ ನಾವೂ ರೇಷ್ಮೆ ಸಾಕ್ತಿದ್ವಿ. ಗೂಡು ಬಿಡ್ಸಿ ಇಲ್ಲೇ ಪಕ್ದ ವಿಜಯಪುರದ ಮಾರ್ಕೆಟ್ಟಿಗ್ ಹಾಕೋ ದಿವ್ಸ. ಗೂಡಿನ ಚೀಲ ನಡುಮನೇಲೇ ಐತೆ, ನಮ್ಮನೇವ್ರು ಬರೀ ಕೈಲಿ ಹೊಂಟ್ರು. ಚೀಲ ಬಿಟ್ಟು ಇವ್ರು ಎಲ್ಲಿಗ್ ಹೋಗ್ತಾವ್ರೆ ಅಂತ ಬಾಯ್ ತಂಕ ಬಂತು. ಹೊಸ್ಲತ್ರ ನಮ್ಮತ್ತೆ ಕೂತಿದ್ರು. ಹೊಂಟೋರ್ನ ಕೇಳ್ಬಾರ್ದು ಅಂತ ಕಣ್ಣಲ್ಲೇ ಗದುರ್ಸುದ್ರು. ಸುಮ್ಕಾದೆ. ಇವ್ಳು ಕಂಕುಳಲ್ಲಿದ್ಲು’ ಎಂದು ಒಳಗಿದ್ದ ಮಗಳ ಕಡೆ ಗಲ್ಲ ತೋರಿಸಿದಳು. ಅಜ್ಜಿಯ ಗಂಡ ಮತ್ತೆ ಬರಲಿಲ್ಲ. ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿಯೂ ಬರಲಿಲ್ಲ.

ಬಿಡಿಸಿದ ಬೀಜಗಳನ್ನು ಪಕ್ಕಕ್ಕೆ ಸರಿಸಿ ಅವಳೇ ಹೇಳಿದಳು. ‘ಕೇಳುದ್ರೆ ಕೆಟ್ಟದಾಗ್ತದೆ ಅಂತಾರೆ. ನಾನ್ ಕೇಳ್ಲಿಲ್ಲ ಮಗಾ. ಏನ್ ಒಳ್ಳೇದಾಯ್ತು?’

ನನಗೆ ಕಡಲೆಕಾಯಿಯ ಮುದುಕ ಕಣ್ಣ ಮುಂದೆ ಬಂದ. ಸೈಕಲ್ಲು ತಳ್ಳಿಕೊಂಡು ನನ್ನೆದುರಿಗೇ ಹೋದ. ನಾನು ತಲೆಯಾಡಿಸಿದೆನೇ ಹೊರತು ಕೇಳಲಿಲ್ಲ. ಕೇಳಿದ್ದರೆ ಅವನು ನಿಂತು ಒಂದು ಮಾತಾಡುತ್ತಿದ್ದನೋ ಏನೋ. ಆಮೇಲೆ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಕರ್ಫ್ಯೂ, ಗೇಟು, ಹಿಂದಿನಿಂದ ಅವಳ ದನಿ ಕೇಳಿಸಿದ್ದು, ಮಕ್ಕಳನ್ನು ವಾಪಸ್ಸು ಕರೆದು ಕೂರಿಸಿ ನೀರು ಕುಡಿಸಿದ್ದು, ಸಿಲಿಂಡರು ಸಿಡಿದದ್ದು. ಅವಳು ಆಶ್ಚರ್ಯಪಡಲಿಲ್ಲ, ಕೈ ಮುಗಿಯಲಿಲ್ಲ, ದೇವರ ಹೆಸರನ್ನೂ ಎತ್ತಲಿಲ್ಲ. ಪೂರ್ತಿ ಕೇಳಿಸಿಕೊಂಡು, ರಸ್ತೆಗೆ ಒಂದು ಸಲ ಉಗಿದು ಬಂದು, ನನ್ನ ಮುಖ ನೋಡಿ ಕೇಳಿದಳು.

‘ಬೆನ್ನ್ ಮೇಲಿದ್ದ ಕೂಸ್ಗೂ ಕುಡುಸ್ದ್ಯಾ?’

‘ಕುಡಿಸ್ದೆ ಅಜ್ಜಿ’ ಎಂದೆ.

‘ಅಂಗಾದ್ರೆ ಸರಿ’ ಎಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ನಾನು ಎದ್ದು ಮನೆಯ ಕಡೆ ಹೊರಟು ಅರ್ಧ ದಾರಿಗೆ ಬಂದ ಮೇಲೆ ನನ್ನ ಕಾಲು ನಿಂತಿತು. ಕೂಸಿನ ವಿಷಯ ನಾನು ಹೇಳಿಯೇ ಇರಲಿಲ್ಲ. ಮಕ್ಕಳು ಎಂದಿದ್ದೆ, ಅಷ್ಟೇ.

ಅವತ್ತಿನಿಂದ ಇದನ್ನು ನಾನು ವಿಜ್ಞಾನದ ಟೀಚರಂತೆ ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಹೆದರಿದ ಮನಸ್ಸು, ಮನೆಯ ನೆನಪು, ಹೊರಡುವ ದಿನ ಕೇಳಿದ ಮಾತು ಕಿವಿಯಲ್ಲಿ ಉಳಿದಿರುವುದು, ಎಲ್ಲ ಸೇರಿ ಒಂದು ದನಿಯಾಗಿ ಕೇಳಿಸಿರಬಹುದು. ಮನುಷ್ಯನ ಕಿವಿಗೆ ಇದು ಅಸಾಧ್ಯವೇನಲ್ಲ. ಅಲ್ಲಿಗೆ ನನಗೆ ಸಮಾಧಾನವಾಗುತ್ತದೆ. ಆದರೆ ಬೆನ್ನ ಮೇಲಿನ ಕೂಸು ಆ ಸಮಾಧಾನದೊಳಗೆ ಹಿಡಿಸುವುದಿಲ್ಲ. ನಾನು ಯಾವಾಗಲೋ ಫೋನಿನಲ್ಲಿ ಅಮ್ಮನಿಗೆ ಮಾಯಾಳ ವಿಷಯ ಹೇಳಿರಬೇಕು, ಅಮ್ಮ ಅಜ್ಜಿಯ ಹತ್ತಿರ ಆಡಿರಬೇಕು ಎಂದುಕೊಂಡು ಅಮ್ಮನನ್ನೇ ಕೇಳಿದೆ. ‘ಯಾವ ಕೂಸು?’ ಎಂದಳು. ಮರೆತಿರಬಹುದು. ಅಮ್ಮ ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆಯುತ್ತಾಳೆ. ಹೀಗೆ ಎಲ್ಲಕ್ಕೂ ಒಂದು ‘ಇರಬಹುದು’ ಸಿಗುತ್ತದೆ, ‘ಹೌದು’ ಮಾತ್ರ ಸಿಗುವುದಿಲ್ಲ.

ಅಜ್ಜಿಯನ್ನೇ ಕೇಳಿಬಿಡುವುದು ಸುಲಭ. ಅಜ್ಜಿ, ಕೂಸಿನ ವಿಷಯ ನಿಂಗೆ ಯಾರ್ ಹೇಳಿದ್ರು, ಅಂತ. ಈಗ ನಾನು ದೇವನಹಳ್ಳಿಯ ಒಂದು ಶಾಲೆಗೆ ಹೋಗುತ್ತೇನೆ, ದಿನಾ ಬೆಳಿಗ್ಗೆ ಆ ತಿರುವಿನಲ್ಲೇ ಬಸ್ಸು ಹಿಡಿಯಬೇಕು. ಇವತ್ತು ಕೇಳಿಯೇ ತೀರುತ್ತೇನೆಂದು ಮನೆಯಿಂದಲೇ ಮಾತು ಜೋಡಿಸಿಕೊಂಡು ಹೋಗುತ್ತೇನೆ. ಆದರೆ ಜಗಲಿ ಹತ್ತಿರವಾಗುತ್ತಿದ್ದಂತೆ ಅವಳೇ ಮೊದಲು ಕೇಳಿಬಿಡುತ್ತಾಳೆ. ನಾನು ಮನೆಗೆ ತಿರುಗಿ ಬರುತ್ತೇನೆ. ಕೂರುತ್ತೇನೆ. ಅಮ್ಮ ಕೊಟ್ಟ ನೀರನ್ನು ಪೂರ್ತಿ ಕುಡಿಯುತ್ತೇನೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.